ಇಲಿಮನೆಯವಳ ಎಡ ಅಂಗೈ

ಬಂಡೆಗಳ ನಡುವೆ ಒಂದು ಊರು. ಅಲ್ಲಿಗೆ ಹೋದವರು ಹೋದ ದಾರಿಯಲ್ಲೇ ಮರಳಿದ್ದಿಲ್ಲ, ಆದ್ದರಿಂದ ದಾರಿ ಕೇಳಿ ಉಪಯೋಗವಿಲ್ಲ. ಅಂಥದೊಂದು ಊರು ಇದೆ ಎಂದು ತಿಳಿದಿದ್ದರೆ ಸಾಕು.

ಆ ಊರಿಗೊಂದು ಕಟ್ಟಳೆ. ಹೊಸ ಔಷಧಿ ಯಾವುದೇ ಇರಲಿ, ಬೇರಿನದೋ ತೊಗಟೆಯದೋ ಬೀಜದ ಎಣ್ಣೆಯೋ, ಅದು ಮನುಷ್ಯರ ಮೈಗೆ ಮೊದಲು ತಾಗಕೂಡದು. ಹನ್ನೆರಡು ಬಿಳಿ ಇಲಿಗಳ ನಾಲಿಗೆಗೆ ಮೊದಲು ತಾಗಬೇಕು. ಹದಿನಾಲ್ಕು ದಿನ, ದಿನಕ್ಕೊಂದು ಹನಿ. ಹನ್ನೆರಡೂ ಬದುಕಿದರೆ ಔಷಧಿ ಊರೊಳಗೆ ಬರುತ್ತದೆ. ಒಂದೇ ಒಂದು ಸತ್ತರೂ ಗಡಿಗೆಯನ್ನು ಬಂಡೆಯ ಬಿರುಕಿಗೆ ಬಗ್ಗಿಸಬೇಕು. ಮತ್ತೆ ಆ ಗಿಡದ ಹೆಸರನ್ನೂ ಯಾರೂ ಎತ್ತಬಾರದು.

ಕಟ್ಟಳೆಯ ಇನ್ನರ್ಧ ಇನ್ನೂ ವಿಚಿತ್ರ. ಆ ಹನ್ನೆರಡು ಇಲಿಗಳಿಗೆ ಊರಿನ ಹನ್ನೆರಡು ಜನ ತಮ್ಮ ಹೆಸರು ಕೊಡಬೇಕು. ಔಷಧಿ ಯಾರಿಗೆ ಬೇಕೋ ಅವರ ಹೆಸರು ಮೊದಲನೆಯ ಇಲಿಗೆ. ಆಮೇಲೆ ನೆರೆಹೊರೆಯವರದು. ಹದಿನಾಲ್ಕು ದಿನ ಆ ಇಲಿಯನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಇಲಿ ಸತ್ತರೆ ಹೆಸರು ಕೊಟ್ಟವರ ಮನೆಯಲ್ಲಿ ಅಂದು ಒಲೆ ಉರಿಯುವುದಿಲ್ಲ. ಅವರು ಬರಿಗಾಲಲ್ಲಿ ಒಂದು ಪುಟ್ಟ ಕುಡಿಕೆಯ ಹಿಂದೆ ನಡೆದು, ಮಣ್ಣು ಹಾಕಿ ಬರುತ್ತಾರೆ. ಪ್ರಾಣವಂತೂ ಅವುಗಳದ್ದು, ಹೆಸರಾದರೂ ನಮ್ಮದಿರಲಿ ಎಂದು ಹಿಂದೆ ಯಾರೋ ನಾಚಿಕೊಂಡು ಹೇಳಿದ್ದರಂತೆ. ಆ ನಾಚಿಕೆಯೇ ಕಟ್ಟಳೆಯಾಗಿ ಉಳಿದಿತ್ತು.

ಊರಂಚಿಗೆ ತಗ್ಗು ಬಾಗಿಲಿನ ಒಂದು ಮಣ್ಣಿನ ಮನೆ. ಅದೇ ಇಲಿಮನೆ. ಒಳಗೆ ಗೋಡೆಯುದ್ದಕ್ಕೂ ಹನ್ನೆರಡು ಅಗಲಬಾಯಿಯ ಮಡಕೆಗಳು, ಮಡಕೆಗಳಲ್ಲಿ ಒಣಹುಲ್ಲು, ಹುಲ್ಲಿನೊಳಗೆ ಒಂದೊಂದು ಪುಟ್ಟ ಉಸಿರು. ಆ ಮನೆಯ ಬೀಗದ ಕೈ ಇಪ್ಪತ್ತು ವರ್ಷದಿಂದ ಒಬ್ಬಳೇ ಹೆಂಗಸಿನ ಸೊಂಟದಲ್ಲಿತ್ತು. ಊರವರು ಅವಳನ್ನು ಇಲಿಮನೆಯವಳು ಎಂದೇ ಕರೆಯುತ್ತಿದ್ದರು.

ಇಲಿಮನೆಯವಳ ಬೆಳಗು ಹೀಗೆ. ಮೊದಲು ಹುಲ್ಲು ಬದಲಿಸುತ್ತಾಳೆ. ಆಮೇಲೆ ತಕ್ಕಡಿಯ ಒಂದು ತಟ್ಟೆಯಲ್ಲಿ ಇಲಿ, ಇನ್ನೊಂದರಲ್ಲಿ ಹುಣಸೆಬೀಜ. ಇಪ್ಪತ್ನಾಲ್ಕು ಬೀಜಕ್ಕೆ ಸರಿಯಾಗಿ ನಿಂತರೆ ಇಲಿ ಚೆನ್ನಾಗಿದೆ. ಇಪ್ಪತ್ತಮೂರಕ್ಕೆ ಇಳಿದರೆ ಅವಳ ಹುಬ್ಬು ಗಂಟಾಗುತ್ತದೆ. ಇಪ್ಪತ್ತೆರಡಾದರೆ ಅವತ್ತು ಅವಳಿಗೆ ಊಟ ಸೇರುವುದಿಲ್ಲ. ತೂಗಿದ ಮೇಲೆ ಹನಿ. ಗಡಿಗೆಯಿಂದ ಕೋಳಿಗರಿಯ ತುದಿಯಲ್ಲಿ ಎತ್ತಿದ ಹನಿ ಇಲಿಯ ನಾಲಿಗೆಗೆ. ಕಟ್ಟಳೆ ಹೇಳುವುದು ಅಷ್ಟೇ: ಗಡಿಗೆಯಿಂದ ಗರಿಗೆ, ಗರಿಯಿಂದ ನಾಲಿಗೆಗೆ.

ಆದರೆ ಇಲಿಮನೆಯವಳು ಹಾಗೆ ಮಾಡುತ್ತಿರಲಿಲ್ಲ.

ಅವಳು ಕೆಲಸಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ತಣ್ಣನೆಯ ಹನಿ ನಾಲಿಗೆಗೆ ತಾಗಿದ ಕೂಡಲೇ ಇಲಿ ಮೈಯೆಲ್ಲ ನಡುಗಿಸಿದ್ದನ್ನು ನೋಡಿದಳು. ಅಷ್ಟು ಸಣ್ಣ ಮೈ. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ನಡುಕ. ಮಾರನೆಯ ದಿನದಿಂದ ಅವಳು ಹನಿಯನ್ನು ಮೊದಲು ತನ್ನ ಎಡ ಅಂಗೈಯ ಗುಳಿಗೆ ಬಿಟ್ಟುಕೊಂಡಳು. ಬೆರಳು ಮಡಚಿ, ಅಂಗೈ ಮುಚ್ಚಿ, ಹೆಸರು ಕೊಟ್ಟವರ ತಾಯಿಯ ಹೆಸರು ಹೇಳಿ, ಇಲಿಯ ಹೆಸರು ಹೇಳಿ, "ಇಂಥವಳ ಮಗಳೇ, ಇಂಥವಳೇ, ಬಾಯಿ ತೆಗಿ ತಾಯಿ" ಎಂದು ಮೆಲ್ಲಗೆ ಕರೆಯುವಷ್ಟರಲ್ಲಿ ಹನಿ ಬೆಚ್ಚಗಾಗುತ್ತಿತ್ತು. ಆಮೇಲೆ ಗರಿ, ಆಮೇಲೆ ನಾಲಿಗೆ. ಇಲಿ ನಡುಗುತ್ತಿರಲಿಲ್ಲ.

ಇಪ್ಪತ್ತು ವರ್ಷ ಹೀಗೇ ನಡೆಯಿತು. ಒಳಗೆ ನೋಡುವವರು ಯಾರೂ ಇರಲಿಲ್ಲ, ಹೇಳುವಂಥ ಸಂಗತಿ ಎಂದು ಅವಳಿಗೂ ಅನ್ನಿಸಲಿಲ್ಲ. ಮಗುವಿಗೆ ಹಾಲು ಕುಡಿಸುವ ಮುಂಚೆ ಬಿಸಿ ನೋಡುವುದನ್ನು ಯಾರು ಯಾರಿಗೆ ಹೇಳಿಕೊಂಡು ತಿರುಗುತ್ತಾರೆ?

ಹನ್ನೆರಡನೆಯ ಮಡಕೆಯಲ್ಲಿ ಮಾತ್ರ ಮಾತು ಸ್ವಲ್ಪ ಬದಲಾಗುತ್ತಿತ್ತು. ಕೊನೆಯ ಇಲಿಗೆ ಯಾವಾಗಲೂ ಇಲಿಮನೆಯವಳದ್ದೇ ಹೆಸರು. ನೋಡಿಕೊಳ್ಳುವವಳು ಮೈಮರೆಯದಿರಲಿ ಎಂದು ಹಾಗೊಂದು ನಿಯಮ. ಅದರ ಮುಂದೆ ಕೂತಾಗ ಅವಳು ಬರೀ ತನ್ನ ಹೆಸರು ಹೇಳುತ್ತಿದ್ದಳು. ತಾಯಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ಅವಳು ಹುಟ್ಟಿದ ಬೆಳಿಗ್ಗೆಯೇ ತಾಯಿ ಹೋಗಿದ್ದಳು. ಹೆರಿಗೆ ಮಾಡಿಸಿದ ಸೂಲಗಿತ್ತಿಯೇ ಕೂಸನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದು ಸಾಕಿದಳು. ಸತ್ತವಳ ಹೆಸರು ಕೇಳಿದರೆ ಸಾಕಿದವಳ ಮನಸ್ಸಿಗೆ ಏನನ್ನಿಸೀತೋ ಎಂದು ಮಗಳು ಕೇಳಲಿಲ್ಲ. ಕೇಳದೇ ಇರುವಾಗ ಹೇಳುವುದು ಹೇಗೆಂದು ಸೂಲಗಿತ್ತಿ ಹೇಳಲಿಲ್ಲ.

ಈಗ ಆ ಸೂಲಗಿತ್ತಿಯ ಕೈ ಮುಚ್ಚಿಹೋಗಿದ್ದವು. ಎರಡು ಮಳೆಗಾಲದ ಹಿಂದೆ ಬೆರಳಿನ ಗೆಣ್ಣುಗಳು ಊದಿಕೊಂಡವು, ಆಮೇಲೆ ಬಿಗಿದವು, ಆಮೇಲೆ ಎರಡು ಕೈಯೂ ಮುಷ್ಟಿಯಾಗಿ ನಿಂತವು. ಆ ಊರಿನಲ್ಲಿ ಉಸಿರಾಡುವ ಪ್ರತಿಯೊಬ್ಬರೂ ಮೊದಲು ಬಂದು ಬಿದ್ದದ್ದು ಆ ಕೈಗಳಿಗೆ. ಈಗ ಅವುಗಳಿಗೆ ಒಂದು ತುತ್ತು ಎತ್ತಲು ಆಗುತ್ತಿರಲಿಲ್ಲ. ಇಲಿಮನೆಯವಳು ಎರಡು ಹೊತ್ತೂ ಹೋಗಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು.

"ನಿನಗೆ ನಾನು ಹೀಗೇ ತಿನ್ನಿಸ್ತಿದ್ದೆ," ಎನ್ನುತ್ತಿದ್ದಳು ಸೂಲಗಿತ್ತಿ. "ನೀನು ಉಗೀತಿದ್ದೆ. ನಾನಾದರೂ ನುಂಗ್ತೀನಿ."

ಇಂಥ ಸಮಯದಲ್ಲಿ ಗಾಣದವಳು ಇಲಿಮನೆಯ ಬಾಗಿಲಿಗೆ ಬಂದಳು.

ಗಾಣದವಳಿಗೆ ಯಾರ ಹಂಗೂ ಇರಲಿಲ್ಲ. ಎತ್ತು ಸತ್ತ ವರ್ಷ ಊರವರು ಇನ್ನು ಇವಳ ಗಾಣ ನಿಂತಿತು ಅಂದುಕೊಂಡರು. ಅವಳು ನೊಗವನ್ನು ತನ್ನ ಹೆಗಲಿಗೆ ಹಾಕಿಕೊಂಡು ತಾನೇ ಸುತ್ತಿದಳು. ಅಂದಿನಿಂದ ಬೆಳಗಿನಿಂದ ಸಂಜೆಯವರೆಗೆ ಆ ಗಾಣದ ಕಿರುಗುಟ್ಟುವಿಕೆ ಊರಿನ ಹಿಂದೆ ಇದ್ದೇ ಇರುತ್ತಿತ್ತು. ಅವಳು ಕಂಕುಳಲ್ಲಿದ್ದ ಗಡಿಗೆ ಇಳಿಸಿ ಹೇಳಿದಳು:

"ಬಂಡೆ ಸೀಳಿನಲ್ಲಿ ಬೆಳೀತದಲ್ಲ, ಮುಳ್ಳೆಲೆಯ ಗಿಡ, ಆಡೂ ಮುಟ್ಟೋದಿಲ್ಲ, ಅದರ ಬೀಜದ ಎಣ್ಣೆ. ಕೀಲು ಬಿಡಿಸ್ತದೆ. ನನಗೆ ಗೊತ್ತು. ನನ್ನ ಎಣ್ಣೆ ಒಳ್ಳೇದು ಅಂತ ಇಲಿ ಕೈಲಿ ಹೇಳಿಸಬೇಕಾ ಅಂತ ಒಂದು ವಾರ ಯೋಚನೆ ಮಾಡಿದೆ. ಊರಿನ ಕಟ್ಟಳೆ. ಅದಕ್ಕೇ ತಂದೆ."

"ನಿನಗೆ ಹೇಗೆ ಗೊತ್ತು?" ಎಂದಳು ಇಲಿಮನೆಯವಳು.

"ಗೊತ್ತು ಅಂದರೆ ಗೊತ್ತು. ಹನಿ ಎಣಿಸಿ ಹಾಕು, ಚೆಲ್ಲಬೇಡ. ಒಂದು ಗಡಿಗೆಗೆ ನಾನು ಎಷ್ಟು ಸುತ್ತು ಸುತ್ತಿದ್ದೀನಿ ಅಂತ ನನ್ನ ಹೆಗಲನ್ನ ಕೇಳು."

ಹೆಸರು ಕೊಡಲು ಜನ ಬಂದರು. ಮೊದಲನೆಯ ಮಡಕೆಗೆ ಸೂಲಗಿತ್ತಿಯ ಹೆಸರು. ಕುಂಬಾರ ತನ್ನ ಹೆಸರನ್ನು ನಾಲ್ಕನೆಯದಕ್ಕೆ ಕೊಟ್ಟು, "ನನ್ನ ಇಲಿಗೆ ಎರಡು ಕಾಳು ಜಾಸ್ತಿ ಹಾಕಮ್ಮ, ನಮ್ಮನೇಲಂತೂ ಯಾರೂ ಹಾಕಲ್ಲ" ಅಂದ. ಅವನ ಹೆಂಡತಿ ಐದನೆಯದಕ್ಕೆ ಹೆಸರು ಕೊಟ್ಟು, "ನನ್ನ ಮಡಕೇನ ಇವರದ್ದರಿಂದ ದೂರ ಇಡು, ಅಲ್ಲಾದರೂ ನೆಮ್ಮದಿಯಾಗಿರ್ತೀನಿ" ಅಂದಳು. ಹನ್ನೆರಡನೆಯ ಮಡಕೆಗೆ ಎಂದಿನಂತೆ ಇಲಿಮನೆಯವಳು.

ಎಂಟು ದಿನ ಎಂಟು ಹನಿ. ತಾಯಿಯ ಹೆಸರು, ಮಗಳ ಹೆಸರು, ಮುಚ್ಚಿದ ಅಂಗೈ, ಬೆಚ್ಚನೆಯ ಹನಿ. ಇಲಿಗಳ ಕಣ್ಣು ಮಣಿಯ ಹಾಗೆ ಹೊಳೆಯುತ್ತಿದ್ದವು. ತಕ್ಕಡಿಗೆ ಇಪ್ಪತ್ತೈದನೆಯ ಬೀಜ ಬಿತ್ತು. ಇಲಿಮನೆಯವಳು ಸಂಜೆ ಮುದ್ದೆ ತಿನ್ನಿಸುವಾಗ ಸೂಲಗಿತ್ತಿಯ ಮುಷ್ಟಿಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಇನ್ನು ಆರು ದಿನ, ಎಂದುಕೊಳ್ಳುತ್ತಿದ್ದಳು. ಇನ್ನು ಆರು ದಿನ.

ಒಂಬತ್ತನೆಯ ಬೆಳಿಗ್ಗೆ ಗಂಜಿಯ ಪಾತ್ರೆ ಇಳಿಸುವಾಗ ಮಸಿಬಟ್ಟೆ ಜಾರಿ ಅವಳ ಎಡಗೈ ಸುಟ್ಟಿತು. ಅಂಗೈ ತುಂಬ ಗುಳ್ಳೆ. ಅವಳು ಬಟ್ಟೆ ಸುತ್ತಿಕೊಂಡು ಇಲಿಮನೆಗೆ ಹೋದಳು. ಬಲಗೈಯಲ್ಲಿ ಗರಿ ಹಿಡಿಯಬೇಕು, ಎಡಗೈ ಮುಟ್ಟುವಂತಿಲ್ಲ. ಒಂದು ದಿನ ತಾನೇ, ಎಂದುಕೊಂಡು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಟ್ಟಳೆ ಹೇಳಿದ ಹಾಗೆಯೇ ಮಾಡಿದಳು: ಗಡಿಗೆಯಿಂದ ಗರಿಗೆ, ಗರಿಯಿಂದ ನಾಲಿಗೆಗೆ. ಹೆಸರು ಹೇಳಿದಳು. ಇಲಿಗಳು ನಡುಗಿದವು. ಹನ್ನೆರಡೂ ನಡುಗಿದವು.

ಹತ್ತನೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಹುಲ್ಲಿನ ಸದ್ದು ಇರಲಿಲ್ಲ. ಇಲಿಗಳು ಬೆನ್ನು ಗೂನಾಗಿಸಿಕೊಂಡು, ಕೂದಲು ನಿಮಿರಿಸಿಕೊಂಡು ಕೂತಲ್ಲೇ ಕೂತಿದ್ದವು. ತೂಗಿದರೆ ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೊಂದು. ಮೊದಲನೆಯ ಮಡಕೆಯದನ್ನು ತೂಗುವ ಅಗತ್ಯವಿರಲಿಲ್ಲ. ಅದು ಹುಲ್ಲಿನೊಳಗೆ ಮುಖ ಹುದುಗಿಸಿ ತಣ್ಣಗಾಗಿತ್ತು.

ಸತ್ತ ಇಲಿಯ ಒಳಗನ್ನು ನೋಡುವುದೂ ಅವಳದೇ ಕೆಲಸ. ಅವಳು ಅದನ್ನು ಬಾಳೆಲೆಯ ಮೇಲೆ ಮಲಗಿಸಿ, ಹೆಸರು ಹಿಡಿದು ಕ್ಷಮೆ ಕೇಳಿ, ಸಣ್ಣ ಕತ್ತಿಯಿಂದ ತೆರೆದಳು. ಕೆಂಪಗಿರಬೇಕಾದ ಯಕೃತ್ತು ಹಳೆಯ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ತೆರೆದದ್ದನ್ನು ಹೊಲಿದಳು. ತೊಳೆದಳು. ಹತ್ತಿಯಲ್ಲಿ ಸುತ್ತಿ ಕುಡಿಕೆಯಲ್ಲಿಟ್ಟಳು.

ಒಂದು ಸತ್ತರೂ ಉಳಿದವುಗಳಿಗೆ ಹದಿನಾಲ್ಕನೆಯ ದಿನದವರೆಗೆ ಹನಿ ಕೊಡಲೇಬೇಕು, ಅದೂ ಕಟ್ಟಳೆ. ಅವಳು ಗರಿ ಎತ್ತಿದಳು. ಹನ್ನೊಂದು ಜೊತೆ ಕಣ್ಣು ಅವಳನ್ನು ನೋಡಿದವು. ಇನ್ನೊಮ್ಮೆ ತಣ್ಣನೆಯ ಹನಿ ಕೊಡಲು ಅವಳಿಗೆ ಕೈ ಬರಲಿಲ್ಲ. ಸಾಯುವುದಿದ್ದರೂ ನಡುಗದೆ ಸಾಯಲಿ, ಎಂದುಕೊಂಡು ಬಟ್ಟೆ ಬಿಚ್ಚಿ, ಹಸಿ ಗುಳ್ಳೆಯ ಮೇಲೆಯೇ ಹನಿ ಬಿಟ್ಟುಕೊಂಡು, ಹಲ್ಲು ಕಚ್ಚಿ ಅಂಗೈ ಮುಚ್ಚಿದಳು. ಇಂಥವಳ ಮಗಳೇ, ಇಂಥವಳೇ, ಬಾಯಿ ತೆಗಿ ತಾಯಿ. ಹನ್ನೊಂದು ಸಲ.

ಆಮೇಲೆ ಸೂಲಗಿತ್ತಿಯ ಮನೆಗೆ ಹೋದಳು.

"ಅವ್ವಾ," ಎಂದಳು ಬಾಗಿಲಲ್ಲಿ ನಿಂತು, "ನೀನು ಹೋದೆ."

ಸೂಲಗಿತ್ತಿ ಹೊಸಿಲ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಮಗಳ ಮುಖ ನೋಡಿದಳು.

"ಯಾವಾಗ?"

"ಬೆಳಗಾಗೋದರೊಳಗೆ."

"ಕಷ್ಟಪಟ್ಟೆನಾ?"

"ಗೊತ್ತಿಲ್ಲ ಅವ್ವಾ. ಮುಖ ಮುಚ್ಕೊಂಡು ಮಲಗಿದ್ದೆ."

"ನನಗೆ ಮುಖ ಮುಚ್ಕೊಂಡೇ ಮಲಗಿ ಅಭ್ಯಾಸ," ಎಂದಳು ಸೂಲಗಿತ್ತಿ. ಎರಡು ಮುಷ್ಟಿಗಳನ್ನೂ ಚಾಚಿದಳು. "ಎಬ್ಬಿಸು. ನನ್ನ ಮಣ್ಣಿಗೆ ನಾನೇ ತಡ ಮಾಡಿದರೆ ಚೆನ್ನಾಗಿರಲ್ಲ."

ಇಲಿಮನೆಯವಳು ಕುಡಿಕೆ ಹಿಡಿದು ಮುಂದೆ, ಸೂಲಗಿತ್ತಿ ಬರಿಗಾಲಲ್ಲಿ ಹಿಂದೆ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಬಂಡೆಯ ಬುಡದಲ್ಲಿ ಗುಂಡಿ ತೋಡಿ ಕುಡಿಕೆ ಇಳಿಸಿದ ಮೇಲೆ ಸೂಲಗಿತ್ತಿ ಮಣ್ಣು ಹಾಕಲು ಕೂತಳು. ಕೈ ತೆರೆಯದು. ಇಲಿಮನೆಯವಳು ಸಹಾಯಕ್ಕೆ ಬಗ್ಗಿದಳು.

"ಬಿಡು. ನನಗೆ ನಾನೇ ಹಾಕ್ಕೋತೀನಿ."

ಅವಳು ಮುಷ್ಟಿಯ ಬೆನ್ನಿನಿಂದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತಳ್ಳಿದಳು, ಮಗುವಿಗೆ ಹೊದಿಕೆ ಸರಿಮಾಡುವ ಹಾಗೆ. ಬಹಳ ಹೊತ್ತು ಹಿಡಿಯಿತು. ಎಲ್ಲ ಮುಗಿದ ಮೇಲೆ ಹೇಳಿದಳು, "ಪಾಪ. ನನ್ನ ಹೆಸರಿನ ಭಾರ ಹೊರೋ ಅಷ್ಟು ದೊಡ್ಡದಾಗಿರಲಿಲ್ಲ ಅದು."

ಅಂದು ಮಧ್ಯಾಹ್ನ ಊರಿನ ಹಿಂದಿನ ಕಿರುಗುಟ್ಟುವಿಕೆ ನಿಂತುಹೋಯಿತು. ಗಾಣದವಳು ನೊಗ ಇಳಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹನ್ನೊಂದನೆಯ ಬೆಳಿಗ್ಗೆ ಇಲಿಮನೆಯವಳು ಇನ್ನೂ ಎರಡು ಮೂರು ಕುಡಿಕೆ ಬೇಕಾದಾವೆಂದು ಕುಂಬಾರನಿಂದ ತಂದಿದ್ದಳು. ಬಾಗಿಲು ತೆಗೆದರೆ ಹುಲ್ಲು ಸರಸರ ಎಂದಿತು. ಹನ್ನೊಂದು ಇಲಿಗಳೂ ಮಡಕೆಯ ಬಾಯಿಗೆ ಮುಂಗಾಲು ಊರಿ ಕಾಳಿಗೆ ಮೂಗು ಚಾಚಿದ್ದವು. ತೂಗಿದಳು. ಇಪ್ಪತ್ತಮೂರು. ಇಪ್ಪತ್ತಮೂರು. ಇಪ್ಪತ್ನಾಲ್ಕು.

ಅವಳು ತಕ್ಕಡಿ ಕೆಳಗಿಟ್ಟು ತನ್ನ ಎಡ ಅಂಗೈ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಗಾಣದವಳ ಬಾಗಿಲು ತಟ್ಟಿದಳು.

"ಗಡಿಗೆ ಬಗ್ಗಿಸೋಕೆ ಇನ್ನೂ ಮೂರು ದಿನ ಇದೆ," ಎಂದಿತು ಒಳಗಿನ ದನಿ. "ಅವತ್ತು ಬರ್ತೀನಿ. ಈಗ ಹೋಗು."

"ಒಂದು ಮಾತು ಕೇಳಿ ಹೋಗ್ತೀನಿ. ಈ ಎಣ್ಣೆ ಕೀಲು ಬಿಡಿಸ್ತದೆ ಅಂತ ನಿನಗೆ ಹೇಗೆ ಗೊತ್ತಾಯಿತು?"

ಬಾಗಿಲು ತೆರೆಯಿತು. ಗಾಣದವಳ ಕಣ್ಣು ಊದಿತ್ತು, ಗಲ್ಲ ಮಾತ್ರ ಮೇಲಕ್ಕೇ ಇತ್ತು. "ಕಟ್ಟಳೆ ಮುರಿದೆಯಾ ಅಂತ ಕೇಳ್ತಿದ್ದೀಯ. ಮುರಿದಿಲ್ಲ. ಗಾಣ ಸುತ್ತುವಾಗ ಎಣ್ಣೆ ಮಂಡಿಗೆ ಸಿಡೀತದೆ, ಅದನ್ನ ಯಾವ ಕಟ್ಟಳೆ ತಡೀತದೆ? ಸಿಡಿದಲ್ಲೆಲ್ಲ ನೋವು ಹೋಯಿತು. ಹಾಗೆ ಗೊತ್ತಾಯಿತು."

"ಸಿಡಿಯುವಾಗ ಎಣ್ಣೆ ಹೇಗಿರ್ತದೆ?"

"ಹೇಗಿರ್ತದೆ ಅಂದರೆ? ಹಿಂಡಿದ ಎಣ್ಣೆ ಬೆಚ್ಚಗೇ ಇಳಿಯೋದು."

"ತಣ್ಣಗಾದ ಮೇಲೆ ಯಾವತ್ತಾದರೂ ಮೈಗೆ ತಾಗಿದೆಯಾ?"

"ತಣ್ಣಗಾದದ್ದು ಗಡಿಗೆಗೆ ಹೋಯಿತು. ಗಡಿಗೆ ನಿನ್ನ ಮನೆಗೆ ಬಂತು. ನಿನ್ನ ಮನೇಲಿ ಕೊಂದಿತು. ಇನ್ನೇನು ಕೇಳಬೇಕು?"

ಇಲಿಮನೆಯವಳು ಇನ್ನೇನೂ ಕೇಳಲಿಲ್ಲ. ಆ ಬೀಜದಲ್ಲಿ ಒಂದು ಕಹಿ ಇದೆ, ಬೆಚ್ಚಗಿರುವಾಗ ಅದು ಎಣ್ಣೆಯೊಳಗೆ ಮಲಗಿರುತ್ತದೆ, ತಣ್ಣಗಾದರೆ ಎದ್ದು ಕೂರುತ್ತದೆ. ಇದು ಅವಳಿಗೆ ಕಣ್ಣಿಗೆ ಕಂಡಷ್ಟು ಸ್ಪಷ್ಟವಾಯಿತು. ಅದರ ಬೆನ್ನಿಗೇ ಇನ್ನೊಂದೂ ಸ್ಪಷ್ಟವಾಯಿತು. ಇದನ್ನು ಹೇಳಬೇಕಾದರೆ ಅಂಗೈಯ ವಿಷಯ ಹೇಳಬೇಕು. ಹೇಳಿದರೆ ಇಪ್ಪತ್ತು ವರ್ಷ ಕಟ್ಟಳೆ ಮುರಿದವಳು ಎಂದಾಯಿತು. ಬೀಗದ ಕೈ ಹೋಗುತ್ತದೆ, ಇಲಿಗಳು ಹೋಗುತ್ತವೆ, ಬೀದಿಯಲ್ಲಿ ಅವಳನ್ನು ಕಂಡು ತಲೆ ಬಾಗಿಸುವವರು ಮುಖ ತಿರುಗಿಸುತ್ತಾರೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಎಣ್ಣೆ ಬಂಡೆಯ ಬಿರುಕಿಗೆ ಹೋಗುತ್ತದೆ. ಸೂಲಗಿತ್ತಿಯ ಕೈ ಇದ್ದ ಹಾಗೇ ಇರುತ್ತವೆ. ಅಷ್ಟೇ.

ಎರಡು ದಿನ ಅವಳು ಸುಮ್ಮನಿದ್ದಳು.

ಹದಿಮೂರನೆಯ ಮಧ್ಯಾಹ್ನ ಮುದ್ದೆ ತಿನ್ನಿಸುತ್ತಾ ತಿನ್ನಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಚಳಿಗಾಲದ ನಡುಕದಿಂದ ಹಿಡಿದು ಗಾಣದವಳ ಮಂಡಿಯವರೆಗೆ. ತಟ್ಟೆಯಲ್ಲಿ ಸಾರು ಆರಿಹೋಯಿತು.

ಸೂಲಗಿತ್ತಿ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು. "ಕೂಸು ಹೊರಗೆ ಬರೋ ಮುಂಚೆ ನಾನು ಎರಡು ಕೈಯನ್ನೂ ಉಜ್ಜಿ ಬಿಸಿ ಮಾಡ್ಕೋತಿದ್ದೆ," ಎಂದಳು. "ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ತಣ್ಣನೆ ಕೈಲಿ ಹಿಡಿದಾಗ ಕೂಸು ಬೆಚ್ಚಿಬಿತ್ತು, ಅದಕ್ಕೇ. ನೀನು ಎಲ್ಲಿಂದ ಕಲಿತೆ ಅಂತ ಈಗ ಗೊತ್ತಾಯಿತು."

"ನಾಳೆ ಏನು ಮಾಡಲಿ ಅವ್ವಾ?"

"ನನ್ನ ಕೈ ನೋಡಿ ಏನೂ ಮಾಡಬೇಡ. ನಾನು ಹತ್ತನೇ ದಿನವೇ ಸತ್ತು ಮಣ್ಣಾಗಿದ್ದೀನಿ, ನನಗೇನೂ ಅವಸರ ಇಲ್ಲ. ನಿನ್ನ ಕೈ ನೋಡ್ಕೊಂಡು ಮಾಡು. ಮುದ್ದೆ ಇನ್ನೂ ಇದೆಯಾ?"

ಹದಿನಾಲ್ಕನೆಯ ಬೆಳಿಗ್ಗೆ ಊರು ಬಂಡೆಯ ಬಿರುಕಿನ ಹತ್ತಿರ ಸೇರಿತು. ಊರ ಯಜಮಾನ ಕಲ್ಲಿನ ಮೇಲೆ ಕೂತ. ಊರಲ್ಲಿ ಅವನಿಗಿಂತ ಹಿರಿಯರು ಸೂಲಗಿತ್ತಿಯೊಬ್ಬಳೇ. ಗಾಣದವಳು ಗಡಿಗೆಯನ್ನು ತಾನೇ ಎತ್ತಿಕೊಂಡು ಬಂದಿದ್ದಳು, ಬೇರೆಯವರು ಬಗ್ಗಿಸುವುದು ಅವಳಿಗೆ ಬೇಕಿರಲಿಲ್ಲ. ಯಜಮಾನ ಹೆಸರು ಕರೆದ. ಇಲಿಮನೆಯವಳು ಒಂದೊಂದೇ ಮಡಕೆ ತೋರಿಸಿದಳು. ಇದ್ದಾನೆ. ಇದ್ದಾಳೆ. ಇದ್ದಾಳೆ. ಮೊದಲನೆಯ ಮಡಕೆ ಖಾಲಿ.

"ಒಂದು ಹೋಗಿದೆ," ಎಂದ ಯಜಮಾನ. "ಬಗ್ಗಿಸು ತಾಯಿ."

ಗಾಣದವಳು ಗಡಿಗೆಯ ಕತ್ತು ಹಿಡಿದಳು.

"ತಡಿ," ಎಂದಳು ಇಲಿಮನೆಯವಳು. "ಆ ಇಲೀನ ಕೊಂದದ್ದು ಎಣ್ಣೆ ಅಲ್ಲ. ಎಣ್ಣೆಯ ತಂಪು."

ಅವಳು ಎಲ್ಲವನ್ನೂ ಹೇಳಿದಳು. ದನಿ ಏರಿಸದೆ, ಒಂದನ್ನೂ ಬಿಡದೆ. ಹೇಳಿ ಮುಗಿಸಿದಾಗ ಹಿಂದಿನಿಂದ ಒಬ್ಬ ತಾಯಿ ಕೇಳಿದಳು, "ಹೋದ ವರ್ಷ ನನ್ನ ಮಗೂಗೆ ಕೊಟ್ಟ ಕೆಮ್ಮಿನ ಕಷಾಯ? ಅದೂ ನಿನ್ನ ಕೈ ಬಿಸಿಯಲ್ಲೇ ಗೆದ್ದದ್ದಾ?"

"ಅದೂ."

"ಅದನ್ನ ತಣ್ಣಗೆ ಕೊಟ್ಟಿದ್ದರೆ?"

"ಗೊತ್ತಿಲ್ಲಮ್ಮ. ನೀವು ಕಾಯಿಸಿ ಕೊಟ್ಟಿರಿ, ಏನೂ ಆಗಲಿಲ್ಲ. ಅದು ನನ್ನ ಜಾಣತನ ಅಲ್ಲ. ತಪ್ಪು ನಂದೇ."

ಯಜಮಾನ ಕಲ್ಲಿನಿಂದ ಇಳಿದು ಬಂದ. "ಆ ಕೈ ತೋರಿಸು."

ಇಲಿಮನೆಯವಳು ಎಡ ಅಂಗೈ ಚಾಚಿದಳು. ಗುಳ್ಳೆ ಒಡೆದು ಹೊಸ ತೊಗಲು ಕಟ್ಟುತ್ತಿತ್ತು. ಅದರ ಸುತ್ತ ಹಳೆಯ ಕಲೆಗಳು. ಒಂದು ಕಡೆ ತೊಗಟೆಯ ಕಂದು, ಒಂದು ಕಡೆ ಬೇರಿನ ಹಳದಿ, ಬುಡದಲ್ಲಿ ಯಾವುದೋ ರಸ ತಿಂದು ಗಟ್ಟಿಯಾದ ಬಿಳಿ ಮಚ್ಚೆ. ಕಿರುಬೆರಳಿನ ಪಕ್ಕದಲ್ಲಿ ಸ್ಪರ್ಶವೇ ಇಲ್ಲದ ಒಂದು ಜಾಗ. ಯಜಮಾನ ಅಲ್ಲಿ ಉಗುರಿನಿಂದ ಒತ್ತಿದ. ಅವಳ ಮುಖ ಬದಲಾಗಲಿಲ್ಲ.

"ಮನುಷ್ಯರ ಮೈಗೆ ಮೊದಲು ತಾಗಬಾರದು ಅಂತ ನಮ್ಮ ಕಟ್ಟಳೆ," ಎಂದ ಅವನು, ತನಗೇ ಹೇಳಿಕೊಳ್ಳುವಂತೆ. "ಇಪ್ಪತ್ತು ವರ್ಷ ಒಂದೊಂದೂ ಮೊದಲು ಇಲ್ಲಿ ತಾಗಿದೆ. ಈ ಊರಿನ ಮೊದಲನೇ ಇಲಿ ನೀನಾಗಿದ್ದೆ. ನಿನ್ನ ಹೆಸರನ್ನ ನಾವು ಹನ್ನೆರಡನೇ ಮಡಕೇಲಿ ಇಟ್ಟಿದ್ದೆವು."

ಅವನು ಬೀಗದ ಕೈಗೆ ಕೈ ಚಾಚಿದ. ಅವಳು ಸೊಂಟದಿಂದ ಬಿಚ್ಚಿ ಕೊಟ್ಟಳು. ಅದನ್ನು ಎಲ್ಲರೂ ನೋಡಿದರು.

"ಕಟ್ಟಳೆ ಮುರಿದವಳ ಹತ್ತಿರ ಇದು ಇರೋ ಹಾಗಿಲ್ಲ," ಎಂದ ಯಜಮಾನ. "ಇನ್ನು ಎಣ್ಣೆಯ ವಿಷಯ. ಹೊಸದಾಗಿ ಪರೀಕ್ಷೆ ಆಗಬೇಕು. ಆರಕ್ಕೆ ತಣ್ಣಗೆ, ಆರಕ್ಕೆ ಬೆಚ್ಚಗೆ. ಆಗ ಗೊತ್ತಾಗ್ತದೆ."

"ತಣ್ಣಗೆ ಕೊಟ್ಟರೆ ಏನಾಗ್ತದೆ ಅಂತ ಗೊತ್ತಾಗಿದೆ," ಎಂದಳು ಇಲಿಮನೆಯವಳು. ಬೀಗದ ಕೈ ಹೋದ ಮೇಲೆ ಅವಳ ದನಿ ಮೊದಲಿಗಿಂತ ಗಟ್ಟಿಯಾಗಿತ್ತು. "ತೆರೆದು ನೋಡಿದ್ದೀನಿ, ಹೊಲಿದಿದ್ದೀನಿ. ಇನ್ನೊಂದನ್ನ ಕೊಂದು ಅದನ್ನೇ ಮತ್ತೆ ತಿಳ್ಕೋಬೇಕಾ ಯಜಮಾನ್ರೇ? ಹನ್ನೆರಡಕ್ಕೂ ಬೆಚ್ಚಗೇ ಕೊಡಿ. ಆದರೆ ನನ್ನ ಕೈ ಒಂದೇ ಆದರೆ ನೀವು ನಂಬಬೇಡಿ. ಹೆಸರು ಕೊಟ್ಟೋರು ಅಂಗೈಯನ್ನೂ ಕೊಡಲಿ. ಅವರವರ ಇಲಿಗೆ ಅವರವರೇ ಬಂದು ಬಿಸಿ ಮಾಡಲಿ."

"ಮನುಷ್ಯರ ಮೈಗೆ ತಾಗೋ ಹಾಗಾಯಿತಲ್ಲ," ಎಂದ ಕುಂಬಾರ.

"ಹೂಂ," ಎಂದಳು ಅವನ ಹೆಂಡತಿ. "ಇಲಿಗೆ ತಾಗಲಿ ಅಂದಾಗ ನೀವೇ ಮೊದಲು ಎದ್ದು ನಿಂತಿದ್ದು. ಈಗ ಯಾಕೆ ಕೈ ಕಂಕುಳಿಗೆ ಹೋಯಿತು?"

ಯಾರೋ ನಕ್ಕರು. ಯಜಮಾನ ಗಡಿಗೆಯನ್ನು ನೋಡಿದ, ಬಿರುಕನ್ನು ನೋಡಿದ, ಇಲಿಮನೆಯವಳ ಅಂಗೈ ನೋಡಿದ. ಆಮೇಲೆ ತನ್ನ ಎಡಗೈ ಮುಂದೆ ಚಾಚಿ, "ಎರಡನೇ ಮಡಕೆಗೆ ನನ್ನ ಹೆಸರು ಬರ್ಕೊಳ್ಳಿ," ಎಂದ.

"ಹಾಗಾದರೆ ಇಷ್ಟು ಹೊತ್ತು ಈ ಗಡಿಗೆ ಹೊತ್ತು ನಿಂತದ್ದು ದಂಡ," ಎಂದಳು ಗಾಣದವಳು. ಅವಳು ಮುಖ ತಿರುಗಿಸಿ ಮೂಗು ಒರೆಸಿಕೊಂಡದ್ದನ್ನು ಕಂಡವರು ಕಾಣದವರ ಹಾಗೆ ನಿಂತರು.

ಇಲಿಮನೆಯ ಬೀಗ ತೆಗೆದದ್ದು ಮತ್ತೆ ಹಾಕಲಿಲ್ಲ. ಬೆಳಿಗ್ಗೆ ಹನ್ನೆರಡು ಜನ ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಬರುತ್ತಿದ್ದರು. ಇಲಿಮನೆಯವಳು ಮೂಲೆಯಲ್ಲಿ ಹುಲ್ಲು ಬದಲಿಸುತ್ತಾ, ಬೀಜ ಇಟ್ಟು ತೂಗುತ್ತಾ ಇರುತ್ತಿದ್ದಳು. ಬೀಗದ ಕೈ ಹೋದರೂ ಕಸಬರಿಕೆಯನ್ನು ಯಾರೂ ಕೇಳಿರಲಿಲ್ಲ. ಯಜಮಾನ ತನ್ನ ಇಲಿಯ ಮುಂದೆ ಕೂತು, ಐವತ್ತು ವರ್ಷದಿಂದ ಬಾಯಲ್ಲಿ ಬಾರದ ತನ್ನ ತಾಯಿಯ ಹೆಸರನ್ನು ಹೇಳಬೇಕಾಗಿ ಬಂದು ಮುಚ್ಚಿದ ಅಂಗೈಯನ್ನೇ ನೋಡುತ್ತಾ ಉಳಿದ. ಹನಿ ಅವನ ಅಂಗೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬೆಚ್ಚಗಾಯಿತು.

ಮೊದಲನೆಯ ಮಡಕೆ ಮತ್ತೆ ಸೂಲಗಿತ್ತಿಯದು. ಹೊಸ ಇಲಿ, ಅದೇ ಹೆಸರು. ಅವಳಿಗೆ ಅಂಗೈ ತೆರೆಯುತ್ತಿರಲಿಲ್ಲ. ಇಲಿಮನೆಯವಳು ಹೆಬ್ಬೆರಳಿನ ಸಂದಿಯಿಂದ ಮುಷ್ಟಿಯೊಳಗಿನ ಗುಳಿಗೆ ಹನಿ ಬಿಡುತ್ತಿದ್ದಳು. ಅಲ್ಲಿ ಎರಡು ವರ್ಷದಿಂದ ಮುಚ್ಚಿಟ್ಟ ಬಿಸಿ ಇತ್ತು. ಹನಿ ಒಂದು ಉಸಿರಿನಲ್ಲೇ ಬೆಚ್ಚಗಾಗುತ್ತಿತ್ತು. ಅಷ್ಟನ್ನು ಗರಿಯಿಂದ ತೆಗೆದು ಇಲಿಗೆ ಕೊಟ್ಟರೂ ಒಂದಿಷ್ಟು ಒಳಗೇ ಉಳಿಯುತ್ತಿತ್ತು. ಹೀಗೆ ಹದಿನಾಲ್ಕು ಬೆಳಗು.

ಹನ್ನೆರಡು ಇಲಿಗಳೂ ಬದುಕಿದವು. ಹದಿನೈದನೆಯ ದಿನ ಅವುಗಳನ್ನು ಹುಲ್ಲುಬಣವೆಯ ಹತ್ತಿರ ಬಿಡಬೇಕು. ಬಿಡುವ ಮುಂಚೆ ಸೂಲಗಿತ್ತಿ ತನ್ನದನ್ನು ಒಮ್ಮೆ ಹಿಡಿಯಬೇಕು ಎಂದಳು. ಇಲಿಮನೆಯವಳು ಇಲಿಯನ್ನು ಅವಳ ಮುಷ್ಟಿಯ ಮೇಲಿಟ್ಟಳು. ಇಲಿ ಜಾರಿತು. ಜಾರುವ ಇಲಿಯನ್ನು ಹಿಡಿಯಲು ಸೂಲಗಿತ್ತಿಯ ಬಲಗೈಯ ಬೆರಳುಗಳು, ಅವಳಿಗೇ ತಿಳಿಯದೆ, ತೆರೆದುಕೊಂಡವು. ಐದೂ ತೆರೆಯಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಳಿದೆರಡು ಮುಂದೆಯೂ ತೆರೆಯಲಿಲ್ಲ.

"ಮೂರು ಸಾಕು," ಎಂದಳು ಸೂಲಗಿತ್ತಿ, ಇಲಿಯನ್ನು ನೋಡುತ್ತಾ. "ಕೂಸಿನ ತಲೆ ಹಿಡಿಯೋಕೆ ಮೂರು ಸಾಕು."

ಊರಿನ ಹಿಂದೆ ಗಾಣ ಕಿರುಗುಟ್ಟತೊಡಗಿತು.

ಎಲ್ಲರೂ ಹೋದ ಮೇಲೆ ಇಲಿಮನೆಯವಳು ಕಸಬರಿಕೆ ಎತ್ತಿಕೊಂಡಳು. ಸೂಲಗಿತ್ತಿ ಹೋಗಿರಲಿಲ್ಲ. ಖಾಲಿ ಮಡಕೆಗಳ ನಡುವೆ ಕೂತು, "ಬಾ ಇಲ್ಲಿ," ಎಂದಳು. "ಆ ಕೈ ಕೊಡು."

"ಅದಕ್ಕೇನೂ ಆಗಿಲ್ಲ ಅವ್ವಾ. ಮಾಯ್ತಾ ಇದೆ."

"ಕೊಡು ಅಂದೆ."

ಸೂಲಗಿತ್ತಿ ಗಡಿಗೆಯ ಎಣ್ಣೆಯಲ್ಲಿ ಮೂರು ಬೆರಳು ಅದ್ದಿದಳು. ತನ್ನ ಅಂಗೈಯ ಗುಳಿಯಲ್ಲಿ ಹನಿ ಕೂಡಿಸಿಕೊಂಡು, ತೆರೆದ ಮೂರನ್ನು ಮತ್ತೆ ತಾನಾಗಿ ಮಡಚಿದಳು. ಇಲಿಮನೆಯವಳು ಕಲೆಗಳ ಎಡಗೈ ಚಾಚಿ ಎದುರು ಕೂತಳು. ಆ ಕೈಗೆ ಇಪ್ಪತ್ತು ವರ್ಷದಲ್ಲಿ ಬೆಚ್ಚಗೆ ಮಾಡಿದ ಹನಿ ಬಿದ್ದದ್ದು ಒಂದೂ ಇರಲಿಲ್ಲ. ಎಲ್ಲವೂ ತಣ್ಣಗೇ ಬಂದು ಬಿದ್ದಿದ್ದವು.

ಸೂಲಗಿತ್ತಿ ಕಣ್ಣು ಮುಚ್ಚಿ ಒಂದು ಹೆಸರು ಹೇಳಿದಳು. ಇಲಿಮನೆಯವಳು ಹಿಂದೆಂದೂ ಕೇಳದ ಹೆಸರು. ಯಾರೋ ಒಬ್ಬ ಹುಡುಗಿಯದು, ಎರಡೇ ಅಕ್ಷರದ್ದು.

"ಇವಳ ಮಗಳೇ," ಎಂದಳು. ಸ್ವಲ್ಪ ನಿಂತು, "ನನ್ನ ಮಗಳೇ," ಎಂದಳು. ಆಮೇಲೆ ಇಲಿಮನೆಯವಳ ಹೆಸರು ಹೇಳಿ, ಮುಷ್ಟಿ ಬಿಚ್ಚಿ, ಬೆಚ್ಚನೆಯ ಎಣ್ಣೆಯನ್ನು ಆ ಅಂಗೈಗೆ ಸುರಿದಳು.

ಅಂಗೈ ನಡುಗಲಿಲ್ಲ.